ಗೇರ್ ಬದಲಿಸಬೇಕಾದುದು ಕೈಯೋ, ಯಂತ್ರವೋ?
ಸ್ಪೋರ್ಟ್ಸ್ ಕಾರುಗಳ ಆಯ್ಕೆಯಲ್ಲಿ ಉದ್ಯಮಿಗಳಿಗೊಂದು ಪಾಠ

ಹಳೆಯ ಯಂತ್ರವನ್ನು ಉಳಿಸಿಕೊಳ್ಳಬೇಕೆ, ಹೊಸದನ್ನು ತರಬೇಕೆ ಎಂಬ ಪ್ರಶ್ನೆ ಪ್ರತಿಯೊಬ್ಬ ಉದ್ಯಮಿಯ ಎದುರಿಗೂ ಒಂದಲ್ಲ ಒಂದು ದಿನ ಬಂದು ನಿಲ್ಲುತ್ತದೆ. ಹೊಸದು ಹೆಚ್ಚು ವೇಗವಾಗಿ ಕೆಲಸ ಮಾಡುತ್ತದೆ ಎಂದಾದರೆ ಉತ್ತರ ಸುಲಭವೆಂದೇ ತೋರುತ್ತದೆ. ಆದರೆ ವೇಗವನ್ನೇ ಸರಕಾಗಿಸಿಕೊಂಡಿರುವ ಸ್ಪೋರ್ಟ್ಸ್ ಕಾರು ಉದ್ಯಮದಲ್ಲಿಯೇ ಈ ಲೆಕ್ಕ ಹುಸಿಯಾಯಿತೆಂಬುದು ಗಮನಾರ್ಹ. ಹಸ್ತಚಾಲಿತ ಗೇರ್‌ಬಾಕ್ಸ್ ಮತ್ತು ಅರೆ-ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳ ನಡುವಣ ಮೂರೂವರೆ ದಶಕಗಳ ಪೈಪೋಟಿಯು ಕಾರು ಕೊಳ್ಳದವರಿಗೂ ತಿಳಿಯತಕ್ಕ ವಿಷಯವಾಗಿದೆ.

ಎರಡು ವಿಧಾನಗಳು

ಹಸ್ತಚಾಲಿತ ವಿಧಾನದಲ್ಲಿ ಚಾಲಕನು ಎಡಗಾಲಿನಿಂದ ಕ್ಲಚ್ ಒತ್ತಿ, ಕೈಯಿಂದ ಗೇರ್ ಲಿವರನ್ನು ಸರಿಸುತ್ತಾನೆ. ಅರೆ-ಸ್ವಯಂಚಾಲಿತ ವಿಧಾನದಲ್ಲಿ ಕ್ಲಚ್ ಪೆಡಲ್ ಇರುವುದಿಲ್ಲ. ಯಾವ ಗೇರ್ ಬೇಕೆಂಬುದನ್ನು ಚಾಲಕನೇ ನಿರ್ಧರಿಸಿ, ಸ್ಟೀರಿಂಗ್ ಚಕ್ರದ ಹಿಂಬದಿಯಲ್ಲಿರುವ ಪ್ಯಾಡಲ್‌ಗಳನ್ನು ಬೆರಳಿನಿಂದ ಎಳೆಯುತ್ತಾನೆ. ಕ್ಲಚ್ ಬಿಡಿಸಿ, ಗೇರ್ ಬದಲಿಸಿ, ಮತ್ತೆ ಕೂಡಿಸುವ ಕೆಲಸವನ್ನು ಎಲೆಕ್ಟ್ರಾನಿಕ್ ನಿಯಂತ್ರಣಕ್ಕೊಳಪಟ್ಟ ಹೈಡ್ರಾಲಿಕ್ ವ್ಯವಸ್ಥೆ ನಿರ್ವಹಿಸುತ್ತದೆ. ಮೊದಮೊದಲು ಬಂದ ಇಂತಹ ಕಾರುಗಳಲ್ಲಿ ಪೆಟ್ಟಿಗೆಯೊಳಗಿನ ಗೇರ್‌ಗಳು ಮತ್ತು ಏಕೈಕ ಕ್ಲಚ್ ಬಹುಮಟ್ಟಿಗೆ ಹಸ್ತಚಾಲಿತ ಕಾರಿನವೇ ಆಗಿದ್ದು, ಕೆಲಸ ಮಾಡುವ ಕೈ ಮಾತ್ರ ಬದಲಾಗಿತ್ತು.

ಸ್ಪರ್ಧಾಕಣದಿಂದ ರಸ್ತೆಗೆ

ಈ ವಿಧಾನವನ್ನು ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಯಶಸ್ವಿಯಾಗಿ ನೆಲೆಗೊಳಿಸಿದ ಕೀರ್ತಿ ಇಟಲಿಯ ಫೆರಾರಿ ಸಂಸ್ಥೆಯದು. ವಿನ್ಯಾಸಕಾರ ಜಾನ್ ಬರ್ನಾರ್ಡ್ ರೂಪಿಸಿದ ಫೆರಾರಿ 640 ಕಾರು 1989ರ ಮಾರ್ಚ್ 26ರಂದು ಬ್ರೆಜಿಲ್‌ನಲ್ಲಿ ತನ್ನ ಚೊಚ್ಚಲ ಸ್ಪರ್ಧೆಯಲ್ಲೇ ನೈಜೆಲ್ ಮ್ಯಾನ್ಸೆಲ್ ಅವರಿಗೆ ಜಯ ತಂದುಕೊಟ್ಟಿತು. ಇಕ್ಕಟ್ಟಾದ ಚಾಲಕಪೀಠದ ಪಕ್ಕದಿಂದ ಗೇರ್ ಲಿವರನ್ನು ತೆಗೆದುಹಾಕಿದರೆ ಕಾರಿನ ಮೈಯನ್ನು ಇನ್ನಷ್ಟು ಕಿರಿದಾಗಿಸಬಹುದೆಂಬುದು ಬರ್ನಾರ್ಡ್ ಅವರ ಲೆಕ್ಕಾಚಾರಗಳಲ್ಲೊಂದಾಗಿತ್ತು. ಆ ವರ್ಷ ಫೆರಾರಿ ಹಲವು ಸ್ಪರ್ಧೆಗಳಲ್ಲಿ ಯಾಂತ್ರಿಕ ದೋಷದಿಂದ ಹಿಂದೆ ಸರಿದರೂ ಒಟ್ಟು 3 ಸ್ಪರ್ಧೆಗಳನ್ನು ಗೆದ್ದಿತು. ಕೆಲವೇ ವರ್ಷಗಳಲ್ಲಿ ಉಳಿದ ತಂಡಗಳೂ ಇದೇ ಹಾದಿ ಹಿಡಿದವು.

ಕಣದಲ್ಲಿ ಗೆದ್ದ ತಂತ್ರ ಅಂಗಡಿಗೆ ಬರುವುದು ಸಹಜ. 1997ರಲ್ಲಿ ಎಫ್355 ಮಾದರಿಯ ಮೂಲಕ ಫೆರಾರಿ ಇದನ್ನು ರಸ್ತೆಯ ಕಾರುಗಳಿಗೆ ಅಳವಡಿಸಿತು. 2001ರಲ್ಲಿ ಬಂದ ಆಸ್ಟನ್ ಮಾರ್ಟಿನ್ ವ್ಯಾಂಕ್ವಿಶ್ ಕಾರಿನಲ್ಲಂತೂ ಹಸ್ತಚಾಲಿತ ಗೇರ್‌ಬಾಕ್ಸಿನ ಆಯ್ಕೆಯೇ ಇರಲಿಲ್ಲ. ಗೇರ್ ಬದಲಾವಣೆಗೆ ತಗಲುವ ಕಾಲವೂ ಕುಗ್ಗುತ್ತ ಹೋಯಿತು. 2007ರ ಫೆರಾರಿ 430 ಸ್ಕುಡೇರಿಯಾ ಕಾರಿಗೆ ಸಂಸ್ಥೆ ಹೇಳಿಕೊಂಡ ಅವಧಿ ಕೇವಲ 60 ಮಿಲಿಸೆಕೆಂಡು. ಯಾವ ಚಾಲಕನ ಕೈಗೂ ಇದು ಸಾಧ್ಯವಾಗುವ ಮಾತಲ್ಲ.

ನಡುವೆ ಸಿಕ್ಕಿಕೊಂಡ ತಂತ್ರಜ್ಞಾನ

ಆದರೆ ಒಂದೇ ಕ್ಲಚ್ಚಿನ ಈ ವ್ಯವಸ್ಥೆ ಹೆಚ್ಚು ಕಾಲ ಸಿಂಹಾಸನದಲ್ಲಿ ಉಳಿಯಲಿಲ್ಲ. 2003ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ತನ್ನ ಗಾಲ್ಫ್ ಆರ್32 ಕಾರಿನಲ್ಲಿ ಎರಡು ಕ್ಲಚ್‌ಗಳ ಗೇರ್‌ಬಾಕ್ಸನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಒಂದು ಕ್ಲಚ್ ಬೆಸ ಸಂಖ್ಯೆಯ ಗೇರ್‌ಗಳನ್ನೂ ಇನ್ನೊಂದು ಸಮ ಸಂಖ್ಯೆಯ ಗೇರ್‌ಗಳನ್ನೂ ನೋಡಿಕೊಳ್ಳುತ್ತದೆ. ಮುಂದಿನ ಗೇರ್ ಮೊದಲೇ ಸಿದ್ಧವಾಗಿರುವುದರಿಂದ ಬದಲಾವಣೆಯ ವೇಳೆ ಎಂಜಿನ್ನಿನ ಶಕ್ತಿ ಕಡಿತಗೊಳ್ಳುವುದಿಲ್ಲ, ಕಾರು ಮುಗ್ಗರಿಸಿದಂತಾಗುವುದೂ ಇಲ್ಲ. ಪೋರ್ಶೆ 2008ರಲ್ಲಿ ತನ್ನ 911 ಕಾರಿಗೂ, ಫೆರಾರಿ 2009ರಲ್ಲಿ ತನ್ನ 458 ಇಟಾಲಿಯಾ ಕಾರಿಗೂ ಈ ವಿಧಾನವನ್ನು ಅಳವಡಿಸಿದವು. 458ರಲ್ಲಿ ಹಸ್ತಚಾಲಿತ ಆಯ್ಕೆಯನ್ನು ಕೈಬಿಡಲಾಯಿತು.

ಇದರ ಪರಿಣಾಮವನ್ನು ಹೊತ್ತವರು ಒಂದೇ ಕ್ಲಚ್ಚಿನ ಅರೆ-ಸ್ವಯಂಚಾಲಿತ ಕಾರುಗಳನ್ನು ಕೊಂಡವರು. ವೇಗ ಬೇಕೆನ್ನುವವರು ಎರಡು ಕ್ಲಚ್ಚಿನ ಕಾರಿನತ್ತ ಹೋದರು. ಚಾಲನೆಯ ಅನುಭವ ಬೇಕೆನ್ನುವವರು ಹಸ್ತಚಾಲಿತ ಕಾರನ್ನೇ ಹುಡುಕಿದರು. ನಡುವಿನದಕ್ಕೆ ಎರಡೂ ಕಡೆಯ ಗಿರಾಕಿಗಳು ಕಡಿಮೆಯಾದರು. ಅದೇ ಹೊತ್ತಿಗೆ ಹೈಡ್ರಾಲಿಕ್ ಪಂಪು, ಸೆನ್ಸರ್‌ಗಳು, ನಿಯಂತ್ರಣ ಘಟಕ ಎಂಬ ಹೆಚ್ಚುವರಿ ದುರಸ್ತಿ ಬಾಬುಗಳು ಹಳೆಯ ಕಾರುಗಳ ಮೇಲೆ ಬಿದ್ದವು. ಆಸ್ಟನ್ ಮಾರ್ಟಿನ್ ತನ್ನದೇ ಸೇವಾ ವಿಭಾಗದ ಮೂಲಕ ವ್ಯಾಂಕ್ವಿಶ್ ಕಾರುಗಳಿಗೆ ಹಸ್ತಚಾಲಿತ ಗೇರ್‌ಬಾಕ್ಸನ್ನು ಕೂಡಿಸಿಕೊಡುವ ವ್ಯವಸ್ಥೆಯನ್ನೂ ಮಾಡಬೇಕಾಯಿತು. ಹೊಸದೆಂದು ಮಾರಿದ್ದನ್ನು ತೆಗೆದು ಹಳೆಯದನ್ನು ಕೂಡಿಸಲು ಗ್ರಾಹಕರು ಮತ್ತೆ ಹಣ ತೆತ್ತರು.

ಗ್ರಾಹಕರ ತೀರ್ಪು

ಪೋರ್ಶೆಯ ಅನುಭವ ಇನ್ನಷ್ಟು ಬೋಧಪ್ರದವಾದುದು. 2013ರಲ್ಲಿ ಬಂದ 911 ಜಿಟಿ3 ಕಾರನ್ನು ಸಂಸ್ಥೆ ಎರಡು ಕ್ಲಚ್ಚಿನ ಗೇರ್‌ಬಾಕ್ಸಿನಲ್ಲಿ ಮಾತ್ರ ಮಾರಿತು. ನಿಷ್ಠಾವಂತ ಗ್ರಾಹಕರಲ್ಲಿ ಅನೇಕರು ಅಸಮಾಧಾನಗೊಂಡರು. 2016ರಲ್ಲಿ ಹಸ್ತಚಾಲಿತ ಗೇರ್‌ಬಾಕ್ಸ್ ಮಾತ್ರ ಇರುವ 911 ಆರ್ ಎಂಬ ಕಾರನ್ನು ಕೇವಲ 991 ಸಂಖ್ಯೆಯಲ್ಲಿ ಹೊರತಂದಾಗ, ಅವು ಕಂಪನಿಯ ಬೆಲೆಗಿಂತ ಬಹಳ ಹೆಚ್ಚಿನ ದರಕ್ಕೆ ಕೈಬದಲಾಗತೊಡಗಿದವು. ಮರುವರ್ಷವೇ ಜಿಟಿ3 ಮಾದರಿಯಲ್ಲಿ ಹಸ್ತಚಾಲಿತ ಆಯ್ಕೆ ಮರಳಿ ಬಂದಿತು.

2017ರ ಆ ಕಾರಿನ ಅಂಕಿ ಅಂಶಗಳನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ತಲುಪಲು ಎರಡು ಕ್ಲಚ್ಚಿನ ಕಾರಿಗೆ 3.4 ಸೆಕೆಂಡು ಸಾಕು. ಹಸ್ತಚಾಲಿತ ಕಾರಿಗೆ 3.9 ಸೆಕೆಂಡು ಬೇಕು. ತೂಕದಲ್ಲಿ ಹಸ್ತಚಾಲಿತ ಕಾರು ಸುಮಾರು 17 ಕಿಲೋ ಹಗುರ. ಅರ್ಧ ಸೆಕೆಂಡು ನಷ್ಟವೆಂದು ಗೊತ್ತಿದ್ದೂ ಗ್ರಾಹಕರು ಹಸ್ತಚಾಲಿತ ಕಾರನ್ನು ಬೇಡಿದರು. ಟೊಯೊಟಾ ಸಂಸ್ಥೆಯೂ 2019ರಲ್ಲಿ ಸ್ವಯಂಚಾಲಿತವಾಗಿ ಮಾತ್ರ ತಂದ ತನ್ನ ಸುಪ್ರಾ ಕಾರಿಗೆ 2022ರಲ್ಲಿ ಹಸ್ತಚಾಲಿತ ಗೇರ್‌ಬಾಕ್ಸನ್ನು ಸೇರಿಸಿತು.

ಇದರ ಇನ್ನೊಂದು ಮುಖವೂ ಇದೆ. ಫೆರಾರಿ ಹಸ್ತಚಾಲಿತ ಆಯ್ಕೆಯನ್ನು ನೀಡುತ್ತಿದ್ದಾಗ ಅದನ್ನು ಕೇಳಿ ಪಡೆದವರು ಬಹಳ ಕಡಿಮೆ. 2008ರಲ್ಲಿ ಬಂದ ಕ್ಯಾಲಿಫೋರ್ನಿಯಾ ಕಾರಿನೊಂದಿಗೆ ಆ ಆಯ್ಕೆ ಕೊನೆಗೊಂಡಿತು. ಆಗ ಯಾರಿಗೂ ಬೇಡವಾಗಿದ್ದ ಹಸ್ತಚಾಲಿತ ಎಫ್430, 599 ಕಾರುಗಳು ವಿರಳವಾದುದರಿಂದಲೇ ಇಂದು ತಮ್ಮ ಅರೆ-ಸ್ವಯಂಚಾಲಿತ ಜೋಡಿಗಳಿಗಿಂತ ಬಹಳ ಹೆಚ್ಚು ಬೆಲೆ ತರುತ್ತಿವೆ. ಈ ಲಾಭ ದೂರದೃಷ್ಟಿಯ ಫಲಕ್ಕಿಂತ ವಿರಳತೆಯ ಫಲ. ಇದನ್ನು ನಿಯಮವೆಂದು ಭಾವಿಸಿ ಹಣ ಹೂಡುವುದು ವಿವೇಕವಲ್ಲ.

ಖರೀದಿದಾರನ ಲೆಕ್ಕ

ಆಯ್ಕೆಯ ವೇಳೆ ಖರೀದಿ ಬೆಲೆಯೊಂದನ್ನೇ ಹೋಲಿಸುವುದು ಸಾಮಾನ್ಯ ತಪ್ಪು. ಖರೀದಿ ಬೆಲೆಗೆ ದುರಸ್ತಿ ವೆಚ್ಚವನ್ನು ಕೂಡಿಸಿ, ಮರುಮಾರಾಟದ ಮೌಲ್ಯವನ್ನು ಕಳೆದಾಗ ಉಳಿಯುವುದೇ ನಿಜವಾದ ವೆಚ್ಚ. ಲೆಕ್ಕದ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹಸ್ತಚಾಲಿತ ಕಾರಿನ ಬೆಲೆ 50 ಲಕ್ಷ ರೂ., ದುರಸ್ತಿ 4 ಲಕ್ಷ, ಮರುಮಾರಾಟ 28 ಲಕ್ಷ ಎಂದಿರಲಿ. ನಿವ್ವಳ ವೆಚ್ಚ 26 ಲಕ್ಷ. ಅರೆ-ಸ್ವಯಂಚಾಲಿತ ಕಾರಿನ ಬೆಲೆ 53 ಲಕ್ಷ, ದುರಸ್ತಿ 8 ಲಕ್ಷ, ಮರುಮಾರಾಟ 22 ಲಕ್ಷ ಎಂದಾದರೆ ನಿವ್ವಳ ವೆಚ್ಚ 39 ಲಕ್ಷ. ಕೊಳ್ಳುವಾಗ 3 ಲಕ್ಷವಿದ್ದ ಅಂತರ ಮಾರುವಾಗ 13 ಲಕ್ಷವಾಗುತ್ತದೆ. ಆದರೆ ಎರಡನೆಯ ಕಾರಿನ ಮರುಮಾರಾಟ ಮೌಲ್ಯ 35 ಲಕ್ಷಕ್ಕೇರಿದರೆ ಎರಡೂ ಸಮನಾಗುತ್ತವೆ. ಅಂದರೆ ಫಲಿತಾಂಶವನ್ನು ನಿರ್ಧರಿಸುವ ಬಾಬು, ಖರೀದಿಯ ದಿನ ಬಿಲ್ಲಿನಲ್ಲಿ ಕಾಣಿಸದ ಬಾಬು.

ಬಳಕೆಯೂ ಅಷ್ಟೇ ಮುಖ್ಯ. ನಿತ್ಯ ನಗರದ ದಟ್ಟಣೆಯಲ್ಲಿ ಓಡಾಡುವವರಿಗೂ, ರೇಸ್ ಟ್ರ್ಯಾಕಿನಲ್ಲಿ ಕಾಲದ ದಾಖಲೆಗೆ ಶ್ರಮಿಸುವವರಿಗೂ ಎರಡು ಕ್ಲಚ್ಚಿನ ವಿಧಾನವೇ ಸೂಕ್ತ. ವಾರಾಂತ್ಯದಲ್ಲಿ ಓಡಿಸುವ ಸುಖಕ್ಕಾಗಿಯೇ ಕಾರು ಇಟ್ಟುಕೊಳ್ಳುವವರಿಗೆ ಹಸ್ತಚಾಲಿತ ಕಾರು ಒಪ್ಪುತ್ತದೆ. ಒಂದೇ ಕ್ಲಚ್ಚಿನ ಹಳೆಯ ಕಾರು ಅಗ್ಗವಾಗಿ ಸಿಕ್ಕರೂ, ಕ್ಲಚ್ ಸವೆತವನ್ನು ಪರೀಕ್ಷಿಸಿ, ದುರಸ್ತಿಯ ದಾಖಲೆಗಳನ್ನು ನೋಡಿದ ಮೇಲೆಯೇ ಮುಂಗಡ ಕೊಡುವುದು ಕ್ಷೇಮ.

ಅದೇ ತಂತ್ರ, ಬೇರೆ ಗ್ರಾಹಕ

ಕೋಟಿಗಟ್ಟಲೆ ಬೆಲೆಯ ಕಾರುಗಳಿಂದ ಹೊರಬಿದ್ದ ಒಂದೇ ಕ್ಲಚ್ಚಿನ ತಂತ್ರ ಭಾರತದಲ್ಲಿ ಮರುಹುಟ್ಟು ಪಡೆದುದು ಸ್ವಾರಸ್ಯಕರ. ಫೆರಾರಿಯ ಕಾರುಗಳಿಗೆ ಈ ತಂತ್ರವನ್ನು ಒದಗಿಸಿದ್ದ ಮ್ಯಾಗ್ನೆಟಿ ಮರೆಲಿ ಸಂಸ್ಥೆಯೇ 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೊ ಕಾರಿಗೂ ಅದನ್ನು ಒದಗಿಸಿತು. ಅದು ಗೇರ್ ಬದಲಿಸುವಾಗ ಉಂಟಾಗುವ ಸಣ್ಣ ತೊನೆದಾಟವನ್ನು ಫೆರಾರಿಯ ಗ್ರಾಹಕ ಸಹಿಸಲಿಲ್ಲ. ಸಣ್ಣ ಕಾರಿನ ಗ್ರಾಹಕ ಸಹಿಸಿದನು. ಪೂರ್ಣ ಸ್ವಯಂಚಾಲಿತ ಕಾರಿಗಿಂತ ಕಡಿಮೆ ಹಣಕ್ಕೆ ಎಡಗಾಲಿಗೆ ವಿಶ್ರಾಂತಿ ದೊರೆತುದೇ ಅವನಿಗೆ ಸಾಕಾಗಿತ್ತು. ಇಂದು ಹಲವು ತಯಾರಕರ ಸಣ್ಣ ಕಾರುಗಳಲ್ಲಿ ಈ ಸೌಲಭ್ಯ ಲಭ್ಯವಿದೆ.

ಹೊಸ ಯಂತ್ರಕ್ಕೆ ಸಾಲ ಪಡೆಯುವ ಮುನ್ನ, ಹಳೆಯ ಉತ್ಪನ್ನವನ್ನು ಪಟ್ಟಿಯಿಂದ ಅಳಿಸುವ ಮುನ್ನ, ಸಣ್ಣ ತಯಾರಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇಲ್ಲಿವೆ. ಗ್ರಾಹಕನು ಹಣ ಕೊಡುತ್ತಿರುವುದು ವೇಗಕ್ಕೋ, ಅಗ್ಗಕ್ಕೋ, ಕೈಗೆಲಸದ ತೃಪ್ತಿಗೋ? ಕೊಳ್ಳುತ್ತಿರುವ ತಂತ್ರ ನೆಲೆ ನಿಲ್ಲುವಂಥದೋ, ಇನ್ನೊಂದು ಬರುವವರೆಗಿನ ಮಧ್ಯಂತರದ್ದೋ? ಇವುಗಳಿಗೆ ಉತ್ತರ ಯಂತ್ರದ ಮಾಹಿತಿ ಪುಸ್ತಕದಲ್ಲಿ ದೊರೆಯುವುದಿಲ್ಲ. ಮಾರಾಟದ ಲೆಕ್ಕಪುಸ್ತಕದಲ್ಲಿ ಮತ್ತು ಹಳೆಯ ಗಿರಾಕಿಗಳ ಮಾತಿನಲ್ಲಿ ದೊರೆಯುತ್ತದೆ. ಆ ಮಾತಿಗೆ ಕಿವಿಗೊಡಲು ಪೋರ್ಶೆಯಂತಹ ಸಂಸ್ಥೆಗೂ ನಾಲ್ಕು ವರ್ಷ ಬೇಕಾಯಿತು. ಅಷ್ಟು ಕಾಲ ಕಾಯುವ ಬಂಡವಾಳ ಸಣ್ಣ ಉದ್ಯಮಿಯ ಬಳಿ ಇರುವುದಿಲ್ಲ.