ಕೈಕಾಲು ಸೋತ ಮೇಲೆ ನೆನಪಾದ ಭೇದಿ

2025ರ ಜನವರಿ. ಪುಣೆಯ ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟ್‌ವಾಡಿ, ಧಾಯರಿ ಕಡೆಯ ಜನ ಒಬ್ಬರ ಹಿಂದೊಬ್ಬರಂತೆ ಆಸ್ಪತ್ರೆ ಸೇರತೊಡಗಿದರು. ಮೆಟ್ಟಿಲು ಹತ್ತಲು ಕಾಲು ಏಳುತ್ತಿಲ್ಲ, ಲೋಟ ಹಿಡಿಯಲು ಕೈಯಲ್ಲಿ ಬಲವಿಲ್ಲ. ಕೆಲವರಿಗೆ ಉಸಿರಾಡಲೂ ವೆಂಟಿಲೇಟರ್ ಬೇಕಾಯಿತು. ದೇಹದ ರೋಗನಿರೋಧಕ ಶಕ್ತಿ ತನ್ನದೇ ನರಗಳ ಮೇಲೆ ತಿರುಗಿಬೀಳುವ ಗಿಲ್ಲನ್-ಬಾರೆ ಸಿಂಡ್ರೋಮ್ (ಜಿಬಿಎಸ್) ಎಂಬ ಕಾಯಿಲೆ ಅದು. ಶಂಕಿತರ ಸಂಖ್ಯೆ 200 ದಾಟಿತು, ಸಾವುಗಳೂ ಆದವು.

ಹಲವು ರೋಗಿಗಳಿಗೆ ಇದಕ್ಕೂ ಮುಂಚೆ ವಾಂತಿಭೇದಿ ಆಗಿತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮಲದ ಮಾದರಿಗಳನ್ನು ಪರೀಕ್ಷಿಸಿದಾಗ ಕೆಲವುಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಕೆಲವುಗಳಲ್ಲಿ ನೊರೊವೈರಸ್ ಸಿಕ್ಕಿದವು. ಜಿಬಿಎಸ್‌ಗೆ ಕಾರಣವಾಗುವುದರಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಹಳೆಯ ಆರೋಪಿ. ಅನುಮಾನ ನಾಂದೇಡ್‌ನ ದೊಡ್ಡ ಬಾವಿಯ ನೀರಿನತ್ತ ಹೊರಳಿತು.

ಮಾದರಿ ಪರೀಕ್ಷಿಸಿದ ಈ ವೈರಾಣು ಸಂಸ್ಥೆ ನಮಗೆ ಹೊಸದಲ್ಲ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆಹಚ್ಚಿದ್ದು ಇದೇ. ಅಂಥ ಪ್ರಯೋಗಾಲಯ ಇರುವ ಊರಿನಲ್ಲೇ ಭೇದಿ ಹರಡಿದ್ದು ಕೈಕಾಲು ಸೋಲುವ ತನಕ ಗಮನಕ್ಕೆ ಬರಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಕೊರತೆ ಪ್ರಯೋಗಾಲಯದ್ದಲ್ಲ. ಅಲ್ಲಿಗೆ ಮಾದರಿ ತಲುಪಬೇಕಲ್ಲ!

ಮಾದರಿ ಪರೀಕ್ಷಿಸಿ ಭೇದಿಯ ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ರೋಟಾವೈರಸ್ ಸಾಕ್ಷಿ. ಚಳಿಗಾಲದಲ್ಲಿ ಎಳೆಮಕ್ಕಳನ್ನು ಹಿಂಡುವ ಈ ವೈರಸ್ಸಿನ ಮೇಲೆ 2005ರಿಂದ ದೇಶದ ಹಲವು ಆಸ್ಪತ್ರೆಗಳ ಜಾಲವೊಂದು ಕಣ್ಣಿಟ್ಟಿತು. ಭೇದಿಯಿಂದ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಇದೇ ಕಾರಣ ಎಂಬುದು ಅಂಕಿಗಳಲ್ಲಿ ಕಂಡಿತು. 2016ರಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ರೋಟಾ ಹನಿ ಸೇರಿತು. ಪುಣೆಯ ಸೀರಂ ಸಂಸ್ಥೆಯೂ ಅದಕ್ಕೊಂದು ಲಸಿಕೆ ತಯಾರಿಸಿತು.

ಆದರೆ ಪುಣೆಯ ಮಾದರಿಗಳಲ್ಲಿ ಸಿಕ್ಕ ನೊರೊವೈರಸ್ಸಿಗೆ ಬಳಕೆಯಲ್ಲಿರುವ ಲಸಿಕೆಯಿಲ್ಲ. ಬೆರಳೆಣಿಕೆಯಷ್ಟು ಕಣ ಹೊಟ್ಟೆ ಸೇರಿದರೂ ಸಾಕು, ಮನೆಮಂದಿಯೆಲ್ಲ ಮಲಗುತ್ತಾರೆ. ಸ್ಯಾನಿಟೈಸರ್‌ಗೆ ಅದು ಅಷ್ಟಾಗಿ ಬಗ್ಗದು. ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯಲೇಬೇಕು. ಎರಡು ಮೂರು ದಿನದಲ್ಲಿ ತಾನಾಗಿ ವಾಸಿಯಾಗುವುದರಿಂದ ಹೆಚ್ಚಿನವರು ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಮುಗಿಸುತ್ತಾರೆ. ಅವರು ಯಾವ ಸರ್ಕಾರಿ ಲೆಕ್ಕಕ್ಕೂ ಸಿಗುವುದಿಲ್ಲ.

ನಿಮ್ಮ ಬೀದಿಯಲ್ಲಿ ಒಂದೇ ವಾರ ಮೂರ್ನಾಲ್ಕು ಮನೆಗಳಲ್ಲಿ ವಾಂತಿಭೇದಿ ಕಂಡರೆ ಓಆರ್‌ಎಸ್ ಕುಡಿಸಿ, ನೀರು ಕುದಿಸಿ, ಜೊತೆಗೆ ಆಶಾ ಕಾರ್ಯಕರ್ತೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅಂದೇ ತಿಳಿಸಿ. ನೀರಿನ ಜೊತೆ ಮಲದ ಮಾದರಿಯನ್ನೂ ಪರೀಕ್ಷೆಗೆ ಕಳಿಸಿ ಎಂದು ಒತ್ತಾಯಿಸಿ.