ಹೊಸ ವಿಂಡೋಸ್ ಹಾಕಿಸಿದರೆ ಹಳೇ ಕಂಪ್ಯೂಟರಿನಲ್ಲಿ ವಿಡಿಯೋ ಚೆನ್ನಾಗಿ ಓಡುತ್ತದೆಯೇ?

"ಹಳೇ ಕಂಪ್ಯೂಟರಿಗೆ ಕೂಡಲೇ ವಿಂಡೋಸ್ 11 ಹಾಕಿಸಿ, ಇಲ್ಲದಿದ್ದರೆ ಬಂದ್ ಆಗುತ್ತದೆ. ಹಾಕಿಸಿದರೆ ವಿಡಿಯೋ ಥಿಯೇಟರಿನಲ್ಲಿ ನೋಡಿದ ಹಾಗೆ ಕಾಣುತ್ತದೆ." ಈ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಎಷ್ಟೋ ಮನೆ, ಸ್ಟುಡಿಯೋ, ಡಿಟಿಪಿ ಅಂಗಡಿಗಳಲ್ಲಿ ಹತ್ತು ಹನ್ನೆರಡು ವರ್ಷದ ಕಂಪ್ಯೂಟರುಗಳೇ ಇನ್ನೂ ದುಡಿಯುತ್ತಿವೆ. ಫಾರ್ವರ್ಡ್ ಮಾಡುವ ಮೊದಲು ಒಂದು ನಿಮಿಷ ಇದನ್ನು ಓದಿ.

ಬಂದ್ ಆಗುವ ಮಾತನ್ನು ಮೊದಲು ಮುಗಿಸಿಬಿಡೋಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿದದ್ದು ನಿಜ. ಆದರೆ ಅದರ ಮರುದಿನವೂ ಆ ಕಂಪ್ಯೂಟರುಗಳು ಎಂದಿನಂತೆ ಆನ್ ಆದವು. ನಿಂತದ್ದು ಸುರಕ್ಷತೆಯ ಉಚಿತ ಅಪ್‌ಡೇಟ್. ಬಾಗಿಲಿನ ಬೀಗ ಹಾಳಾದರೆ ರಿಪೇರಿಗೆ ಯಾರೂ ಬರುವುದಿಲ್ಲ ಎಂಬಂಥ ಸ್ಥಿತಿ ಅದು. ಮನೆ ಬಿದ್ದು ಹೋಗುವುದಿಲ್ಲ, ಆದರೆ ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ತಲೆ ಕೆಡಿಸಿಕೊಳ್ಳಲೇಬೇಕು. ಅವರಿಗಾಗಿಯೇ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಮುಂದುವರಿಸುವ ಒಂದು ಯೋಜನೆಯನ್ನು ಕಂಪನಿ ತಂದಿತು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿಕೊಂಡರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದಕ್ಕೆ ಸೇರಿಕೊಳ್ಳುವ ಅವಕಾಶವಿದೆ.

ಇನ್ನು ವಿಡಿಯೋ. ಜನ ದುಡ್ಡು ಕಳೆದುಕೊಳ್ಳುತ್ತಿರುವುದು ಇಲ್ಲೇ.

ಹಾಸನದ ಆಲೂಗಡ್ಡೆ ಮೂಟೆಯಲ್ಲಿ ಮಾರುಕಟ್ಟೆಗೆ ಹೋಗುವ ಹಾಗೆ ವಿಡಿಯೋ ಕೂಡ ಬಿಗಿಯಾಗಿ ಕಟ್ಟಿಕೊಂಡೇ ನಿಮ್ಮ ಹತ್ತಿರ ಬರುತ್ತದೆ. ಕಟ್ಟುವ ವಿಧಾನಗಳು ಬೇರೆ ಬೇರೆ: ಎಚ್.264 ಹಳೆಯದು, ಎಚ್‌ಇವಿಸಿ, ವಿಪಿ9, ಎವಿ1 ಅದರ ನಂತರದವು. ವಿಧಾನ ಹೊಸದಾದಷ್ಟೂ ಮೂಟೆ ಚಿಕ್ಕದು, ಬಿಚ್ಚುವ ಕೆಲಸ ಕಷ್ಟ. ಈ ಬಿಚ್ಚುವ ಕೆಲಸಕ್ಕೆಂದೇ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಚಿಪ್‌ನಲ್ಲಿ ಒಂದು ಪ್ರತ್ಯೇಕ ಭಾಗ ಇರುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ವಿಪಿ9 ಬಿಚ್ಚುವ ಭಾಗ ಪೂರ್ಣವಾಗಿ ಬಂದದ್ದು 7ನೇ ತಲೆಮಾರಿನಲ್ಲಿ, ಎವಿ1 ಬಿಚ್ಚುವುದು 11ನೇ ತಲೆಮಾರಿನಲ್ಲಿ. ಆ ಭಾಗ ಇಲ್ಲದಿದ್ದರೆ ಪ್ರೊಸೆಸರೇ ಕೂತು ಕೈಯಿಂದ ಬಿಚ್ಚಬೇಕು. ಆಗ ಫ್ಯಾನ್ ಗುಂಯ್‌ಗುಡುತ್ತದೆ, ಚಿತ್ರ ತಡವರಿಸುತ್ತದೆ, ಮಾತು ಮುಂದೆ ಹೋಗಿ ತುಟಿ ಹಿಂದೆ ಉಳಿಯುತ್ತದೆ.

ಯಾವ ವಿಂಡೋಸ್ ಹಾಕಿದರೂ ಚಿಪ್‌ನಲ್ಲಿ ಇಲ್ಲದ ಭಾಗ ಹುಟ್ಟುವುದಿಲ್ಲ. 4ನೇ ತಲೆಮಾರಿನ ಐ5 ಇದ್ದರೆ ಯೂಟ್ಯೂಬಿನ ವಿಪಿ9 ವಿಡಿಯೋ ವಿಂಡೋಸ್ 10ರಲ್ಲಿ ತಡವರಿಸಿದ ಹಾಗೆಯೇ 11ರಲ್ಲೂ ತಡವರಿಸುತ್ತದೆ. ಮಕ್ಕಳ ಪಾಠದ ವಿಡಿಯೋಗೆ 480 ಅಥವಾ 720 ಗುಣಮಟ್ಟ ಆರಿಸಿಕೊಂಡರೆ ಸಾಕು. ಎಚ್264ಇಫೈ ಎಂಬ ಉಚಿತ ಬ್ರೌಸರ್ ಎಕ್ಸ್‌ಟೆನ್ಶನ್ ಇದೆ; ಅದು ಯೂಟ್ಯೂಬಿನಿಂದ ಹಳೇ ಎಚ್.264 ಮೂಟೆಯನ್ನೇ ಕೇಳಿ ತರಿಸುತ್ತದೆ.

ನಿಮ್ಮದು ಯಾವ ತಲೆಮಾರು? ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒತ್ತಿದರೆ ಪ್ರೊಸೆಸರಿನ ಹೆಸರು ಕಾಣುತ್ತದೆ. ಐ5-4570 ಎಂದಿದ್ದರೆ 4ನೇಯದು, ಐ5-10400 ಎಂದಿದ್ದರೆ 10ನೇಯದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ "ಐ5 ಸಾರ್, ಸೂಪರ್ ಪೀಸು" ಅಂದರೆ ಸಾಲದು, ಅಡ್ಡಗೆರೆಯ ನಂತರದ ಅಂಕಿ ನೋಡಿ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್. "ಅದೇನೂ ಬೇಡ, ನಾವು ಹಾಕಿಕೊಡ್ತೀವಿ" ಅನ್ನುವವರು ಇದ್ದಾರೆ. ಅಡ್ಡದಾರಿಯಲ್ಲಿ ಹಾಕಲು ಎಷ್ಟೋ ಸಲ ಆಗುತ್ತದೆ ಕೂಡ. ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತದೆ ಎಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಇಷ್ಟೆಲ್ಲ ಪಾಡು ಪಟ್ಟು, ಕೊನೆಗೆ ಅದೇ ಇಲ್ಲ ಅಂದರೆ?

ಹೊಸ ವಿಂಡೋಸ್ ವಿಡಿಯೋ ಸೌಲಭ್ಯವನ್ನು ಕೊಡುವುದಿರಲಿ, ಕಿತ್ತುಕೊಂಡದ್ದೂ ಉಂಟು. ವಿಂಡೋಸ್ 7ರಲ್ಲಿ ಡಿವಿಡಿ ಹಾಕಿದರೆ ತಾನಾಗಿ ಓಡುತ್ತಿತ್ತು. 2012ರ ವಿಂಡೋಸ್ 8ರಿಂದ ಅದನ್ನು ತೆಗೆದರು, 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರನ್ನೇ ತೆಗೆದರು. ಡಿವಿಡಿ ತೆಗೆದದ್ದಕ್ಕೆ ಮುಖ್ಯ ಕಾರಣ ದುಡ್ಡು: ಅದನ್ನು ಓಡಿಸುವ ತಂತ್ರಕ್ಕೆ ಪ್ರತಿ ಕಂಪ್ಯೂಟರಿನ ಲೆಕ್ಕದಲ್ಲಿ ರಾಯಧನ ಕಟ್ಟಬೇಕಿತ್ತು. ಎಚ್‌ಇವಿಸಿಯದೂ ಇದೇ ಕಥೆ. ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿದರೆ ಕೆಲವೊಮ್ಮೆ ಬರೀ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಅದೇ ವಿಡಿಯೋ ವಾಟ್ಸಾಪಿನಲ್ಲಿ ಬಂದರೆ ಸರಿಯಾಗಿ ಓಡುತ್ತದೆ. ಕಂಪ್ಯೂಟರ್ ಕೆಟ್ಟಿದೆ ಎಂದು ಅಂಗಡಿಗೆ ಹೊರಬೇಡಿ. ವಾಟ್ಸಾಪ್ ಅದನ್ನು ಕುಗ್ಗಿಸುವಾಗ ಹಳೇ ಎಚ್.264ಕ್ಕೆ ಬದಲಾಯಿಸಿರುತ್ತದೆ, ಅಷ್ಟೇ.

ಇವೆರಡಕ್ಕೂ ಮದ್ದು ವಿಎಲ್‌ಸಿ. ಬಿಚ್ಚುವ ತಂತ್ರಾಂಶಗಳೆಲ್ಲ ಅದರೊಳಗೇ ಇವೆ, ಕಾಸು ಕೊಡಬೇಕಿಲ್ಲ. "ಅದನ್ನು ಭಾರತದಲ್ಲಿ ನಿಷೇಧಿಸಿದ್ದಾರಲ್ಲ, ಚೀನಾದ್ದು" ಎಂಬ ಇನ್ನೊಂದು ಫಾರ್ವರ್ಡ್ ಇದೆ. ವಿಎಲ್‌ಸಿ ಹುಟ್ಟಿದ್ದು ಫ್ರಾನ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ. 2022ರಲ್ಲಿ ಅದರ ವೆಬ್‌ಸೈಟನ್ನು ನಮ್ಮಲ್ಲಿ ತಡೆಹಿಡಿದದ್ದು ನಿಜ. ತಂಡದವರು ಕಾನೂನು ನೋಟಿಸ್ ಕಳಿಸಿದ ಮೇಲೆ ಅದೇ ನವೆಂಬರಿನಲ್ಲಿ ತಡೆ ತೆರವಾಯಿತು. ಚೀನಾದ ಹ್ಯಾಕರುಗಳು ವಿಎಲ್‌ಸಿಯನ್ನು ದುರುಪಯೋಗ ಮಾಡಿಕೊಂಡ ಸುದ್ದಿ ಆ ವರ್ಷವೇ ಬಂದಿತ್ತು, ಎರಡೂ ಸೇರಿ ಕಥೆಯಾಯಿತು. ಇಳಿಸಿಕೊಳ್ಳುವಾಗ ಮಾತ್ರ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ.

ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ವಿಡಿಯೋ ತಡವರಿಸುವುದು ಅದರಿಂದ ನಿಲ್ಲುವುದಿಲ್ಲ, ಆದರೆ ಆನ್ ಆಗಲು ಚಹಾ ಕುಡಿದು ಬರುವಷ್ಟು ಹೊತ್ತು ಕಾಯುವುದು ತಪ್ಪುತ್ತದೆ. ಬರೀ ಇಂಟರ್‌ನೆಟ್ಟು, ವಿಡಿಯೋ, ಪತ್ರ ಬರೆಯುವುದು ಇಷ್ಟೇ ಕೆಲಸವಿದ್ದರೆ ಲಿನಕ್ಸ್ ಮಿಂಟ್ ಉಚಿತ, ಅದಕ್ಕೆ ಅಪ್‌ಡೇಟೂ ಬರುತ್ತಿರುತ್ತದೆ. ಟ್ಯಾಲಿ, ನುಡಿಯಲ್ಲಿ ಕೆಲಸ ಮಾಡುವವರಿಗೆ ಅದು ಸುಲಭದ ದಾರಿಯಲ್ಲ.

ಏನೇ ಹಾಕಿಸಿದರೂ "ಫಾರ್ಮ್ಯಾಟ್ ಮಾಡಬೇಕು" ಎಂದರೆ ಅಲ್ಲೇ ತಡೆಯಿರಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ಫಾರ್ಮ್ಯಾಟ್ ಮಾಡಿದರೆ ಮಗುವಿನ ನಾಮಕರಣದ ಫೋಟೋ, ತೀರಿಹೋದ ತಾತನ ಧ್ವನಿ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ, ಅಲ್ಲಿ ತೆರೆದು ನೋಡಿ, ಆಮೇಲೆ ಕಂಪ್ಯೂಟರ್ ಕೊಡಿ.

ಬೀರುವಿನಲ್ಲಿರುವ ಮದುವೆ ಡಿವಿಡಿಗಳನ್ನೂ (ನಮ್ಮ ಕಡೆ ಈಗಲೂ ಅವನ್ನು ಮದುವೆ ಕ್ಯಾಸೆಟ್ ಅನ್ನುವವರಿದ್ದಾರೆ) ಇದೇ ಕೈಯಲ್ಲಿ ಮುಗಿಸಿಬಿಡಿ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕಿನಲ್ಲಿ ಚಿತ್ರ ಕೂತಿರುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಸೆಖೆ, ವಯಸ್ಸಿಗೆ ಅದು ಮಾಸುತ್ತದೆ. ಡಿವಿಡಿ ಡ್ರೈವ್ ಇರುವ ಹಳೇ ಕಂಪ್ಯೂಟರ್ ಈಗ ಬೆಲೆಬಾಳುವುದು ಇದಕ್ಕೇ. ಡಿಸ್ಕ್ ಹಾಕಿ, ಒಳಗಿರುವ ವಿಡಿಯೋ_ಟಿಎಸ್ ಎಂಬ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿ, ವಿಎಲ್‌ಸಿಯಲ್ಲಿ ಆ ಫೋಲ್ಡರ್ ತೆರೆಯಿರಿ. ಸಾಮಾನ್ಯ ಡಿವಿಡಿ ಒಂದರಲ್ಲಿ ಹಿಡಿಯುವುದೇ 4.7 ಜಿಬಿ. ಒಂದು ಡಿಸ್ಕಿಗೆ 8 ಜಿಬಿ ಪೆನ್‌ಡ್ರೈವ್ ಸಾಕು.