ನಿಮ್ಮದು ಯಾವೂರು?

ಕಳೆದ ವರ್ಷ ಕ್ರೀಡಾಕೂಟಕ್ಕೆ ಹೋದಾಗ ಓಟದ ಸಾಲಿನಲ್ಲಿ ಗುಂಗುರು ಕೂದಲಿನ ಹುಡುಗನೊಬ್ಬ ನಿಂತಿದ್ದ. "ವೆಸ್ಟ್ ಇಂಡೀಸಿನವನಾ?" ಎಂದು ನಮ್ಮ ಹುಡುಗರು ನಕ್ಕರು. ನಾನೂ ನಕ್ಕೆ. ಅವನು ತಿರುಗಿ ನೋಡಿ, "ನಮ್ಮೂರು ಹಳಿಯಾಳ ರೀ. ನಿಮ್ಮದು ಯಾವೂರು?" ಎಂದ.

ಅವನು ಸಿದ್ದಿ ಸಮುದಾಯದ ಮುಸ್ಲಿಂ ಹುಡುಗ. ನಾನು ನಗಬಾರದಿತ್ತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ "ಪರವಾಗಿಲ್ಲ, ಕನ್ನಡ ಚೆನ್ನಾಗಿ ಮಾತಾಡ್ತೀಯ" ಎಂದು ನನಗೂ ಹೇಳಿದವರಿದ್ದಾರೆ. ನಮ್ಮ ದಾದಾ ಹುಟ್ಟಿದ್ದೇ ತುರುವೇಕೆರೆಯಲ್ಲಿ!

ಊರಿಗೆ ಬಂದ ಮೇಲೆ ಓದಿ ತಿಳಿದದ್ದು ಇಷ್ಟು. ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಅದೇ ಶತಮಾನಗಳಲ್ಲಿ ಲಕ್ಷಾಂತರ ಆಫ್ರಿಕನ್ನರನ್ನು ಯುರೋಪಿನವರು ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಿಗೂ ಸಾಗಿಸಿದರು. ಗುಲಾಮಗಿರಿ ನಿಂತ ಮೇಲೆ ಆ ತೋಟಗಳಿಗೆ ಭಾರತದಿಂದ ಕೂಲಿಗಳು ಹೋದರು. ಟ್ರಿನಿಡಾಡಿಗೆ ಅವರ ಮೊದಲ ಹಡಗು ಮುಟ್ಟಿದ್ದು 1845ರಲ್ಲಿ. ಹಾಗೆ ಹೋದವರ ವಂಶದವರೇ ಗಯಾನಾದ ಕ್ರಿಕೆಟಿಗ ಶಿವನಾರಾಯಣ್ ಚಂದ್ರಪಾಲ್. ಅವರನ್ನು ವೆಸ್ಟ್ ಇಂಡೀಸಿನವರಲ್ಲ ಎನ್ನಲು ನಮಗೆ ಯಾರಿಗೂ ತೋಚುವುದಿಲ್ಲ. ಹಳಿಯಾಳದ ಹುಡುಗನನ್ನು ಮಾತ್ರ ಹೊರಗಿನವನೆಂದು ನೋಡಿದೆವು.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ "ನಾವು ಸಿದ್ದಿಗಳು" ಎಂಬ ಮಾತು ಮೂವರದೂ. ಡಮಾಮಿ ಬಾರಿಸಿದರೆ ಕುಣಿತವೂ ಒಂದೇ. ಸರ್ಕಾರದ ಲೆಕ್ಕ ಬೇರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಗಡಿ ದಾಟಿದರೆ ಅದೇ ಜನ, ಅದೇ ನೆಂಟರು, ಆದರೆ ಸರ್ಟಿಫಿಕೇಟ್ ಇಲ್ಲ. ಅಂದರೆ ಮೀಸಲಾತಿಯ ಸೀಟೂ ಇಲ್ಲ. ಸಮುದಾಯದ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದೂ 2020ರಲ್ಲೇ. ಸಿದ್ದಿಗಳಲ್ಲಿ ಶಾಸಕರಾದವರು ಅವರೇ ಮೊದಲಿಗರು.

ಅಂದು ಊಟದ ಸಾಲಿನಲ್ಲಿ ಆ ಹುಡುಗನ ಪಕ್ಕ ಹೋಗಿ ನಿಂತೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. "ಮನೇಲಿ ಯಾವ ಭಾಷೆ?" ಎಂದೆ.

"ಕನ್ನಡ, ಉರ್ದು. ಅಜ್ಜಿ ಕೂಡ ಕೊಂಕಣಿ. ನಿಮ್ಮದು?"

ಅರ್ಜಿಗಳಲ್ಲಿ ಮಾತೃಭಾಷೆ ಎಂಬ ಕಡೆ ನಾನು ಉರ್ದು ಎಂದು ಬರೆಯುತ್ತೇನೆ. ಮನೆಯಲ್ಲಿ ಆಡುವುದು ದಖನಿ. ಅಬ್ಬಾ ತೆಂಗಿನಕಾಯಿ ಎಣಿಸುವುದು ಮಾತ್ರ ಕನ್ನಡದಲ್ಲಿ. ಅಷ್ಟನ್ನೂ ಅವನಿಗೆ ಹೇಳಿದೆ.